ಕಲ್ಲೆಂದು ಕಂಡ ಮರ

ಗೋಳಗುಮ್ಮಟದ ಮೂಲೆಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರಿ, ಪಿಸುಮಾತಿನ ಪ್ರತಿಧ್ವನಿಯನ್ನು ಆಲಿಸಲು ಒಳಗೆ ನುಗ್ಗುವ ಮುನ್ನ ಹೊರಗಿನ ಬಿಸಿಲುಮಾಳಿಗೆಯಲ್ಲಿ ಒಂದು ಗಳಿಗೆ ನಿಂತು ಊರನ್ನು ನೋಡಿದವರಿಗೆ, ಚಪ್ಪಟೆ ಮಾಳಿಗೆಗಳೂ ನೀರಿನ ಟಾಕಿಗಳೂ ಬೇವಿನ ದುಂಡನೆಯ ತಲೆಗಳೂ ಒಂದರ ಮಗ್ಗುಲಿಗೊಂದು ಹರಡಿರುವ ಆ ವಿಸ್ತಾರದಲ್ಲಿ, ಅಲ್ಲೊಂದು ಇಲ್ಲೊಂದು ಕಡೆ, ಕಪ್ಪುಹಸಿರು ಬಣ್ಣದ ಯಾವುದೋ ವಸ್ತು ನೆಟ್ಟನೆ ಆಕಾಶಕ್ಕೆ ಚುಚ್ಚಿಕೊಂಡಿರುವುದು ಕಾಣುತ್ತದೆ. ಮಿನಾರುಗಳ ಊರಾದ ಕಾರಣ ಮೊದಲ ನೋಟಕ್ಕೆ ಕಣ್ಣು ಅದನ್ನೂ ಒಂದು ಮಿನಾರೆಂದೇ ಎಣಿಸಿ ಮುಂದೆ ಸಾಗುವುದು ಸಹಜ. ಎರಡನೆಯ ಸಲ ನೋಡಿದಾಗ ಅದಕ್ಕೆ ರೆಂಬೆಗಳಿವೆಯೆಂದೂ, ಆ ರೆಂಬೆಗಳು ಸುತ್ತುಸುತ್ತಾಗಿ, ಅಂತಸ್ತು ಅಂತಸ್ತಾಗಿ ಹೊರಟಿವೆಯೆಂದೂ, ಅದು ಯಾರದೋ ಮನೆಯ ಅಂಗಳದಲ್ಲಿ ಬೆಳೆದ ಮರವೆಂದೂ ತಿಳಿಯುತ್ತದೆ. ಕೇಳಿದರೆ, "ಅದಾ? ಕ್ರಿಸ್ಮಸ್ ಗಿಡ ರೀ" ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಆಲಕ್ಕೂ ಗಿಡವೆಂದೇ ಹೆಸರು, ತುಳಸಿಗೂ ಗಿಡವೆಂದೇ ಹೆಸರು. ಐವತ್ತು ಅಡಿ ಎತ್ತರದ ಮರವನ್ನು ಗಿಡವೆಂದರೆ ದಕ್ಷಿಣದವರು ನಗುವುದುಂಟು, ನಗಲಿ.

ಡಿಸೆಂಬರ್ ತಿಂಗಳಲ್ಲಿ ನಕ್ಷತ್ರಗಳನ್ನೂ ಬಣ್ಣದ ಗೋಲಿಗಳನ್ನೂ ತೂಗುಹಾಕಿ ಯೂರೋಪಿನವರು ಸಿಂಗರಿಸುವ ಮರ ಶೀತದೇಶದ ಸ್ಪ್ರೂಸ್ ಅಥವಾ ಫರ್ ಜಾತಿಯದು. ಅದನ್ನು ಎರೆಭೂಮಿಗೆ ತಂದರೆ ಒಂದು ಬೇಸಿಗೆಯನ್ನೂ ಕಳೆಯಲಾರದು. ನಮ್ಮಲ್ಲಿ ಆ ಹೆಸರನ್ನು ಪಡೆದಿರುವ ಮರ ಬೇರೆ. ಶಾಸ್ತ್ರಕಾರರು ಇದನ್ನು ಅರೌಕೇರಿಯ ಕಾಲಮ್ನಾರಿಸ್ ಎನ್ನುತ್ತಾರೆ. ಕುಕ್ ಪೈನ್ ಎಂಬುದು ರೂಢಿಯ ಹೆಸರು, ಆದರೆ ಇದು ಪೈನ್ ಜಾತಿಗೆ ಸೇರಿದುದೂ ಅಲ್ಲ. ಇದರ ತವರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪಸ್ತೋಮ, ಅದರಲ್ಲೂ ಮುಖ್ಯವಾಗಿ ಅದರ ದಕ್ಷಿಣ ತುದಿಯ ಪೈನ್ ದ್ವೀಪ ಮತ್ತು ಪೂರ್ವದ ಲಾಯಲ್ಟಿ ದ್ವೀಪಗಳು. ಅಲ್ಲಿ ಈ ಮರ 60 ಮೀಟರು ಎತ್ತರಕ್ಕೆ ಬೆಳೆಯುವುದುಂಟು. ನಮ್ಮ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರು ಎಂಬುದನ್ನು ನೆನೆದರೆ, ಗುಮ್ಮಟದ ಶಿಖರದ ಮೇಲೆ ಒಂದು ಎರಡಂತಸ್ತಿನ ಮನೆಯನ್ನು ಕಟ್ಟಿದಷ್ಟು ಎತ್ತರದ ಮರವೆಂದು ವಾಚಕರು ಕಲ್ಪಿಸಿಕೊಳ್ಳಬಹುದು.

ಈ ಮರವು ಹೊರಜಗತ್ತಿಗೆ ಪರಿಚಯವಾದ ಬಗೆಯೇ ವಿನೋದಕರವಾದುದು. 1774ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೆಯ ಮಹಾಯಾನದಲ್ಲಿ 'ರೆಸೊಲ್ಯೂಷನ್' ಎಂಬ ಹಡಗಿನಲ್ಲಿ ನ್ಯೂ ಕ್ಯಾಲಿಡೋನಿಯದ ತೀರವನ್ನು ಅನುಸರಿಸಿ ತೆಂಕಲಿಗೆ ಬರುತ್ತಿದ್ದಾಗ, ದೂರದ ತೀರದ ಮೇಲೆ ಒತ್ತೊತ್ತಾಗಿ ನಿಂತ ಎತ್ತರವಾದ ಕಂಬಗಳಂಥ ಆಕೃತಿಗಳು ಕಾಣಿಸಿದವು. ಅವು ಮರಗಳೆಂದು ಕುಕ್ ಎಣಿಸಿದ. ಹಡಗಿನಲ್ಲಿದ್ದ ಪ್ರಕೃತಿವಿಜ್ಞಾನಿಗಳಾದ ಫಾರ್ಸ್ಟರ್ ತಂದೆಮಕ್ಕಳು, ಯೋಹಾನ್ ರೈನ್‌ಹೋಲ್ಡ್ ಮತ್ತು ಗೇಯೋರ್ಗ್, ಅದನ್ನು ಒಪ್ಪಲಿಲ್ಲ. ಮರಗಳಿಗೆ ಅಂಥ ರೂಪವಿರಲು ಸಾಧ್ಯವಿಲ್ಲವೆಂದೂ, ಅವು ಜ್ವಾಲಾಮುಖಿಯ ಶಿಲಾರಸವು ಆರಿ ಬಿರಿದು ನಿಂತ ಬಸಾಲ್ಟ್ ಶಿಲೆಯ ಸ್ತಂಭಗಳೆಂದೂ ಅವರ ವಾದ. ಅಂಥ ಸ್ತಂಭಗಳು ಲೋಕದಲ್ಲಿ ಇಲ್ಲವೆಂದಲ್ಲ. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋದವರು, ಬಡಗಿ ಅಳೆದು ಕೊರೆದನೋ ಎಂಬಂತೆ ಮುಖಗಳುಳ್ಳ ಲಾವಾಶಿಲೆಯ ಕಂಬಗಳು ಗುಂಪುಗುಂಪಾಗಿ ನಿಂತಿರುವುದನ್ನು ಕಂಡಿರಬೇಕು. ಆದುದರಿಂದ ಫಾರ್ಸ್ಟರರ ಊಹೆ ಕೇವಲ ಹಠವಾಗಿರಲಿಲ್ಲ. ಹಡಗು ಹತ್ತಿರವಾದಂತೆ ನಾವಿಕರೆಲ್ಲರೂ ಒಬ್ಬೊಬ್ಬರಾಗಿ ಮರದ ಪಕ್ಷಕ್ಕೆ ಬಂದರೂ ವಿದ್ವಾಂಸರು ಮಾತ್ರ ಕಲ್ಲಿನ ಪಕ್ಷವನ್ನು ಬಿಡಲಿಲ್ಲವೆಂದು ಕುಕ್ ತನ್ನ ದಿನಚರಿಯಲ್ಲಿ ತುಸು ತುಂಟತನದಿಂದಲೇ ಬರೆದಿದ್ದಾನೆ. ಕೊನೆಗೆ ಒಂದು ಪುಟ್ಟ ನಡುಗಡ್ಡೆಯಲ್ಲಿ ಇಳಿದು, ಹಡಗಿಗೆ ಬೇಕಾದ ದೂಲಗಳನ್ನು ಆ 'ಕಂಬ'ಗಳಿಂದಲೇ ಕಡಿದುಕೊಂಡು ಬಂದ ಮೇಲೆ ವಾದವು ಮುಗಿಯಿತು. 1786ರಲ್ಲಿ ಈ ಮರಕ್ಕೆ ಶಾಸ್ತ್ರೀಯವಾದ ಹೆಸರು ಬಂದುದು ಫಾರ್ಸ್ಟರ್ ಮನೆತನದ ಲೇಖನಿಯಿಂದಲೇ. ಅದರಲ್ಲಿ ಉಳಿದುಕೊಂಡ 'ಕಾಲಮ್ನಾರಿಸ್' ಎಂಬ ಪದಕ್ಕೆ ಕಂಬದಂಥದು ಎಂದೇ ಅರ್ಥ. ಸೋತವನು ಸೋಲನ್ನು ಇಷ್ಟು ಶಾಶ್ವತವಾಗಿ ದಾಖಲೆ ಮಾಡಿದ ನಿದರ್ಶನಗಳು ವಿರಳ.

ಬಸಾಲ್ಟ್ ಎಂಬ ಈ ಶಬ್ದವನ್ನು ವಿಜಯಪುರದವರು ಲಘುವಾಗಿ ಕೇಳಿ ಬಿಡುವಂತಿಲ್ಲ. ನಮ್ಮ ಮನೆ, ಮಸೀದಿ, ಗುಡಿ, ಕೋಟೆ, ಬಾವಡಿ ಎಲ್ಲವೂ ಆ ಕಲ್ಲಿನವೇ. ಗೋಳಗುಮ್ಮಟವೂ ಇಬ್ರಾಹಿಂ ರೋಜಾವೂ ಆ ಕಲ್ಲಿನಲ್ಲಿಯೇ ಎದ್ದವು. ನಮ್ಮ ಎರೆಮಣ್ಣೆಂಬುದು ಆ ಕಲ್ಲೇ ಯುಗಾಂತರಗಳಲ್ಲಿ ಕರಗಿ ಪುಡಿಯಾದ ರೂಪ. ಕಲ್ಲೆಂದು ಭ್ರಮಿಸಲ್ಪಟ್ಟ ಮರವೊಂದು ಅದೇ ಕಲ್ಲಿನ ಮಣ್ಣಿನಲ್ಲಿ ಬಂದು ಬೇರೂರಿದೆಯೆಂಬುದು ನನಗೆ ಬಹುಕಾಲ ಬರಿಯ ಕಾಕತಾಳೀಯವೆಂದೇ ತೋರಿತ್ತು. ಆ ಅಭಿಪ್ರಾಯವನ್ನು ಈಗ ಬದಲಿಸಿಕೊಂಡಿದ್ದೇನೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮರದ ಹತ್ತಿರಕ್ಕೆ ಹೋಗೋಣ. ನಗರದ ಒಂದು ಹಳೆಯ ಬಡಾವಣೆಯಲ್ಲಿ ನನ್ನ ಮಿತ್ರರೊಬ್ಬರ ಮನೆಯಂಗಳದಲ್ಲಿರುವ ಮರವನ್ನು ನಾನು ಇಪ್ಪತ್ತು ವರ್ಷಗಳಿಂದ ಬಲ್ಲೆನು. ಕಾಂಡದ ತೊಗಟೆ ತೆಳ್ಳಗಿನ ಕಾಗದದಂಥ ಪಟ್ಟಿಗಳಾಗಿ ಸುಲಿದುಕೊಳ್ಳುತ್ತದೆ. ಎಲ್ಲಿಯಾದರೂ ಗಾಯವಾದರೆ ಬಿಳಿಯ ಅಂಟು ಒಸರಿ ಗಟ್ಟಿಯಾಗುತ್ತದೆ. ಬುಡದಲ್ಲಿ ಸದಾ ಬಿದ್ದಿರುವ ಒಣ ಕಿರುಗೊಂಬೆಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ನೋಡಿದರೆ, ಎಲೆಯೆಂಬುದು ಎಲ್ಲಿಯೂ ಕಾಣುವುದಿಲ್ಲ. ಬಿಗಿಯಾಗಿ ಹೆಣೆದ ಹಗ್ಗದ ತುಂಡೊಂದು ಕಾಣುತ್ತದೆ. ಆ ಹೆಣಿಗೆಯೇ ಎಲೆಗಳು: ಕಾಳಿನಷ್ಟೇ ಉದ್ದದ, ಒಳಬಾಗಿದ ಹುರುಪೆಗಳು ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಕವುಚಿಕೊಂಡಿವೆ. ಬುಡದಿಂದ ತುದಿಯ ಕಡೆಗೆ ಬೆರಳಾಡಿಸಿದರೆ ರೇಷ್ಮೆಯಂತೆ ನುಣುಪು. ತುದಿಯಿಂದ ಬುಡಕ್ಕೆ ಎಳೆದರೆ ಅರದಂತೆ ಕೆರೆಯುತ್ತದೆ. ಎಳೆಯ ಸಸಿಯಲ್ಲಿ ಇವೇ ಎಲೆಗಳು ಸೂಜಿಯಂತೆ ನೀಳವಾಗಿ, ಬಿಡಿಬಿಡಿಯಾಗಿ ಇರುವುದರಿಂದ, ಕುಂಡದಲ್ಲಿರುವ ಮಗುವನ್ನೂ ಅಂಗಳದ ಮುದುಕನನ್ನೂ ಒಂದೇ ಕುಲದವರೆಂದು ನಂಬುವುದು ಕಷ್ಟ. ಇದರ ದಾಯಾದಿಯಾದ ನಾರ್ಫಕ್ ದ್ವೀಪದ ಅರೌಕೇರಿಯವನ್ನು, ಅದನ್ನೂ ಕುಕ್ ಅದೇ 1774ರ ಅಕ್ಟೋಬರಿನಲ್ಲಿ ಕಂಡನು, ನರ್ಸರಿಗಳಲ್ಲಿ ಇದರೊಡನೆ ಕಲಸಿ ಮಾರುವುದು ಈ ಎಳೆತನದ ಸಾಮ್ಯದಿಂದಲೇ. ದೊಡ್ಡವಾದ ಮೇಲೆ ಗುರುತು ಸುಲಭ: ನಾರ್ಫಕ್‌ದು ಅಗಲವಾದ ಗೋಪುರ, ನಮ್ಮದು ಸಪೂರವಾದ ಕಂಬ.

ಕಂಬದ ರೂಪ ಬರುವುದಕ್ಕೆ ಒಂದು ಉಪಾಯವಿದೆ. ಮರವು ವಯಸ್ಸಾದಂತೆ ತನ್ನ ಮೊದಲಿನ ಉದ್ದ ರೆಂಬೆಗಳನ್ನು ತಾನೇ ಉದುರಿಸಿ, ಅದೇ ಸ್ಥಾನಗಳಿಂದ ಹೊಸದಾಗಿ ಗಿಡ್ಡ ರೆಂಬೆಗಳನ್ನು ಹೊರಡಿಸುತ್ತದೆ. ಹೀಗೆ ಬುಡದಿಂದ ನೆತ್ತಿಯವರೆಗೂ ಒಂದೇ ಅಗಲದ ಮೈ ಉಂಟಾಗುತ್ತದೆ. ಚಂಡಮಾರುತಗಳ ದಾರಿಯಲ್ಲಿರುವ ದ್ವೀಪದ ಮರಕ್ಕೆ ಗಾಳಿಗೆ ಹರವು ಕೊಡದ ಈ ಮಿತವ್ಯಯ ಒಪ್ಪುವಂಥದೇ.

ಇದು ಶಂಕುಧಾರಿ ವೃಕ್ಷ. ಹೂ ಬಿಡುವುದಿಲ್ಲ, ಆದುದರಿಂದ ಹಣ್ಣೂ ಇಲ್ಲ; ಬೀಜವು ಹಣ್ಣಿನ ಒಡಲೊಳಗೆ ಅಡಗದೆ ಶಂಕುವಿನ ಹುರುಪೆಯ ಮೇಲೆ ಬಹಿರಂಗವಾಗಿಯೇ ಹುಟ್ಟುವ ಕಾರಣ ಇಂಥ ಸಸ್ಯಗಳನ್ನು ನಗ್ನಬೀಜಿಗಳೆಂದು ಕರೆಯುತ್ತಾರೆ. ಒಂದೇ ಮರದಲ್ಲಿ ಗಂಡು ಶಂಕುಗಳೂ ಹೆಣ್ಣು ಶಂಕುಗಳೂ ಇರುತ್ತವೆ: ಗಂಡು ಶಂಕು ಕಿರುಗೊಂಬೆಯ ತುದಿಯಲ್ಲಿ ಬೆರಳಿನಂತೆ ಜೋತು, ಹೇರಳವಾದ ಪರಾಗವನ್ನು ಗಾಳಿಗೆ ಕೊಟ್ಟು ಒಣಗುತ್ತದೆ, ಹೆಣ್ಣು ಶಂಕು ಮೇಲಿನ ರೆಂಬೆಗಳಲ್ಲಿ, ಮುಷ್ಟಿಗಿಂತ ದೊಡ್ಡದಾದ ಮುಳ್ಳುಮುಳ್ಳಿನ ಗುಂಡಾಗಿ ಬೆಳೆದು, ಬಲಿತ ಮೇಲೆ ಮರದ ಮೇಲೆಯೇ ಬಿಚ್ಚಿಕೊಂಡು ಹುರುಪೆ ಹುರುಪೆಯಾಗಿ ಉದುರುತ್ತದೆ. ಹುರುಪೆಗೊಂದೇ ಬೀಜ, ಅದಕ್ಕೆ ಇಕ್ಕೆಲದಲ್ಲಿ ತೆಳು ರೆಕ್ಕೆ. ಬಿದ್ದ ಬೀಜ ಬಹುದಿನ ಬಾಳುವುದಿಲ್ಲವಾದ್ದರಿಂದ ಬೇಗನೆ ಬಿತ್ತಬೇಕು. ಮೊಳೆತಾಗ ನಾಲ್ಕು ಬೀಜದಳಗಳು ಮೇಲೇಳುತ್ತವೆ; ಏಕದಳ, ದ್ವಿದಳವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಇದೊಂದು ಚತುರ್ದಳ ಸಂಗತಿ. ಕರಾವಳಿಯ ಗಾಳಿಮರವನ್ನು, ಎಂದರೆ ಸರ್ವೆಯನ್ನು, ಅದರ ಸೂಜಿಯಂಥ ಹಸಿರು ಕಡ್ಡಿಗಳನ್ನು ಕಂಡು ಇದರ ಬಳಗವೆಂದು ಹಲವರು ತಿಳಿದಿದ್ದಾರೆ. ಅದು ಹೂ ಬಿಡುವ ಮರ. ವೇಷ ಮಾತ್ರ ಶಂಕುಧಾರಿಯದು. ದಕ್ಷಿಣ ಭಾರತದಲ್ಲಿ ಸ್ವಾಭಾವಿಕವಾಗಿ ಬೆಳೆಯುವ ಶಂಕುಧಾರಿ ಮರವೆಂದರೆ ಪಶ್ಚಿಮಘಟ್ಟಗಳ ದಕ್ಷಿಣಭಾಗದ ಮಳೆಕಾಡುಗಳಲ್ಲಿರುವ ನಗೇಯ ವಾಲಿಚಿಯಾನ ಒಂದೇ. ಅದಕ್ಕೆ ಅಗಲವಾದ ಎಲೆಗಳಿರುವುದರಿಂದ ಎದುರಿಗೆ ನಿಂತರೂ ಶಂಕುಧಾರಿಯೆಂದು ಹೊಳೆಯುವುದಿಲ್ಲ.

ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನನ್ನ ಬಂಧುವೊಬ್ಬರ ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ದ್ರಾಕ್ಷಿಯವರಿಗೆ ಕಡ್ಡಿಯಿಂದ ಬಳ್ಳಿ ಮಾಡುವುದು ಊಟ ಮಾಡಿದಷ್ಟು ಸುಲಭ. ಅಕ್ಟೋಬರ್ ಚಾಟನಿಯಲ್ಲಿ ಕತ್ತರಿಸಿದ ಕಡ್ಡಿಗೂ ನೆಲಕ್ಕಿಟ್ಟರೆ ಜೀವ ಬರುತ್ತದೆಂಬ ವಿಶ್ವಾಸದಲ್ಲಿ ಬೆಳೆದವರು ಅವರು. ನಗರದ ಮಿತ್ರರ ಮರದಿಂದ ಐದಾರು ರೆಂಬೆಯ ತುದಿಗಳನ್ನು ಬೇಡಿ ಒಯ್ದು, ಒಣದ್ರಾಕ್ಷಿ ಶೆಡ್ಡಿನ ನೆರಳಿನಲ್ಲಿ ಚೀಲಗಳಿಗೆ ನೆಟ್ಟು, ಬೇರಿನ ಪುಡಿ ಹಚ್ಚಿ, ಮಗುವಿನಂತೆ ನೋಡಿಕೊಂಡರು. ನಾಲ್ಕು ಒಣಗಿದವು, ಒಂದು ಬೇರು ಬಿಟ್ಟಿತು. ಅದನ್ನು ವಸ್ತಿಯ ಬಾಗಿಲ ಮುಂದೆ ನೆಟ್ಟರು. ಅದು ಬೆಳೆಯಿತು, ಚೆನ್ನಾಗಿಯೇ ಬೆಳೆಯಿತು, ಆದರೆ ಮೇಲಕ್ಕಲ್ಲ. ನೆಲದಿಂದ ಒಂದು ಗೇಣೆತ್ತರದಲ್ಲಿ ಬೀಸಣಿಗೆಯಂತೆ ಚಪ್ಪಟೆಯಾಗಿ, ಅಡ್ಡಡ್ಡಲಾಗಿ ಸಾಗಿತು. ಕೋಲು ನೆಟ್ಟು ಕಟ್ಟಿದರೂ ಕಟ್ಟಿದಷ್ಟು ಉದ್ದ ನೆಟ್ಟಗೆ ನಿಂತು, ಹೊಸ ತುದಿ ಮತ್ತೆ ಅಡ್ಡಕ್ಕೆ ತಿರುಗಿತು. "ಎರಡ ವರ್ಷ ಆತು, ಇದು ಗಿಡ ಆಗವಲ್ದು, ಬಳ್ಳಿನೂ ಆಗವಲ್ದು, ಏನ್ ಮಾಡೂದ್ರಿ ಮಾವಾ?" ಎಂದು ನನ್ನನ್ನು ಕರೆಸಿ ಕೇಳಿದರು.

ಮಾಡುವಂಥದೇನೂ ಇರಲಿಲ್ಲ. ಅರೌಕೇರಿಯ ಕುಲದಲ್ಲಿ ಕಾಂಡದ ತುದಿಗೂ ರೆಂಬೆಯ ತುದಿಗೂ ಜನ್ಮಭೇದವಿದೆ. ಕಾಂಡದ ಕುಡಿ ಮೇಲಕ್ಕೆ ಏರಬೇಕೆಂಬುದನ್ನು ಬಲ್ಲದು. ರೆಂಬೆಯ ಕುಡಿ ಮಗ್ಗುಲಿಗೆ ಹರಿಯಬೇಕೆಂಬುದನ್ನು ಬಲ್ಲದು. ಮರದಿಂದ ಬೇರ್ಪಡಿಸಿ, ಅದಕ್ಕೆ ಸ್ವಂತ ಬೇರುಗಳನ್ನು ಬರಿಸಿ, ಸ್ವತಂತ್ರವಾದ ಗಿಡವನ್ನಾಗಿ ಮಾಡಿದರೂ ರೆಂಬೆಯು ತಾನು ರೆಂಬೆಯೆಂಬುದನ್ನು ಮರೆಯುವುದಿಲ್ಲ. ಬಹುತೇಕ ಮರಗಳಲ್ಲಿ ಈ ಭೇದ ಬೇಗ ಅಳಿಸಿಹೋಗುತ್ತದೆ. ಇದರಲ್ಲಿ ಅಳಿಸುವುದೇ ಇಲ್ಲ. ನೆಟ್ಟನೆಯ ಗಿಡ ಬೇಕಾದರೆ ಬೀಜದಿಂದ ಬೆಳೆಸಬೇಕು, ಅಥವಾ ಕಾಂಡದ ನೆತ್ತಿಯನ್ನೇ ಕತ್ತರಿಸಿ ನೆಡಬೇಕು. ನೆತ್ತಿ ಕತ್ತರಿಸಲ್ಪಟ್ಟ ತಾಯಿಮರವು ಸಾಯುವುದಿಲ್ಲ. ಕಾಂಡದ ಮೈಯಲ್ಲಿ ಎಲೆಗಳ ಕಂಕುಳಲ್ಲಿ ಸುಪ್ತವಾಗಿದ್ದ ಮೊಗ್ಗೊಂದು ಎದ್ದು ಹೊಸ ನೆತ್ತಿಯಾಗುತ್ತದೆ. ಇಷ್ಟನ್ನು ವಿವರಿಸಿದ ಮೇಲೆ ನಮ್ಮ ದ್ರಾಕ್ಷಿ ಬೆಳೆಗಾರರು ಆ ಅಡ್ಡಗಿಡವನ್ನು ಕಿತ್ತುಹಾಕಲಿಲ್ಲ. ದ್ರಾಕ್ಷಿಯ ಚಪ್ಪರದ ತಂತಿಯ ತುಂಡೊಂದನ್ನು ಅದರಡಿಗೆ ಕೊಟ್ಟು, ಬಂದವರಿಗೆಲ್ಲ ತೋರಿಸುವ ವಿಚಿತ್ರವಸ್ತುವನ್ನಾಗಿ ಇಟ್ಟುಕೊಂಡಿದ್ದಾರೆ.

ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆ, ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲು, ಬೇಸಿಗೆಯಲ್ಲಿ ಕಾಲು ಹೂತುಹೋಗುವಷ್ಟು ಬಿರಿದು ಬೇರುಗಳನ್ನು ಹರಿಯುವ, ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದು ನಿಲ್ಲಿಸುವ ಎರೆಮಣ್ಣು, ಇವುಗಳ ನಡುವೆ ಸಾಗರದ್ವೀಪದ ಮರ ಬದುಕುವುದೆಂತು ಎಂದು ಕೇಳಬಹುದು. ನೇರವಾಗಿ ಎರೆಯಲ್ಲಿ ನೆಟ್ಟರೆ ಬದುಕುವುದು ದುರ್ಲಭವೇ. ನಮ್ಮ ಮಾಲಿಗಳು ಆಳವಾದ ಕುಣಿ ತೋಡಿ, ಎರೆಯನ್ನು ಹೊರಗೆ ಹಾಕಿ, ಗರಸನ್ನೂ ಕೆಮ್ಮಣ್ಣನ್ನೂ ಗೊಬ್ಬರವನ್ನೂ ತುಂಬಿ ನೆಡುತ್ತಾರೆ. "ಬುಡದಾಗ ನೀರ ನಿಂದರಬಾರದ್ರಿ, ಹಂಗಂತ ಒಣಗಾಕೂ ಬಿಡಬಾರದ್ರಿ" ಎಂಬುದು ಅವರ ಸೂತ್ರ. ಆದರೆ ಒಂದು ವಿಷಯದಲ್ಲಿ ಈ ಮರಕ್ಕೆ ನಮ್ಮ ನೆಲ ಪರಕೀಯವಲ್ಲ. ನಮ್ಮ ಮಣ್ಣಿನಲ್ಲಿ ಸುಣ್ಣದ ಹರಳು ಬಹಳ, ಅನೇಕ ತೋಟದ ಗಿಡಗಳು ಆ ಸುಣ್ಣಕ್ಕೆ ಹಳದಿಗಟ್ಟಿ ಸೊರಗುತ್ತವೆ. ಅರೌಕೇರಿಯ ಕಾಲಮ್ನಾರಿಸ್ ತನ್ನ ತವರಿನಲ್ಲಿ ಬೆಳೆಯುವುದೇ ಕಡಲಿನಿಂದ ಮೇಲೆದ್ದ ಹವಳದ ಸುಣ್ಣಕಲ್ಲಿನ ಮೇಲೆ. ಸುಣ್ಣ ಅದಕ್ಕೆ ತವರಿನ ಅನ್ನ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಂಪಿನಲ್ಲಿ ಸುಖವಾಗಿ ಬೆಳೆದ ಮರಗಳಿವೆ. 1961ರಲ್ಲಿ ಎಲಿಜಬೆತ್ ರಾಣಿ ಅಲ್ಲಿ ತನ್ನ ಕೈಯಿಂದ ನೆಟ್ಟುದೂ ಈ ಜಾತಿಯ ಸಸಿಯನ್ನೇ. ಅವುಗಳ ಮುಂದೆ ನಮ್ಮವು ಬಡಕಲು ನಿಜ, ಆದರೂ ನಿಂತಿವೆ.

ಪರಕೀಯವೆಂಬ ಮಾತು ಬಂದಿತಷ್ಟೆ. ಊರಿನ ಸುತ್ತ ಮರ ಬೆಳೆಸುವ ಉತ್ಸಾಹ ಈಚೆಗೆ ನಮ್ಮಲ್ಲಿ ಹೆಚ್ಚಿದ ಮೇಲೆ, ಬೇವು ಬನ್ನಿ ಆಲಗಳು ನಮ್ಮವು, ಅರೌಕೇರಿಯ ಅಲಂಕಾರಕ್ಕೆ ತಂದ ವಿದೇಶಿ, ಎಂಬ ವಾದವನ್ನು ಸಭೆಗಳಲ್ಲಿ ಕೇಳುತ್ತೇನೆ. ರಸ್ತೆಯ ನೆರಳಿಗೆ ಬೇವೇ ಬೇಕೆಂಬುದರಲ್ಲಿ ನನಗೂ ಸಂಶಯವಿಲ್ಲ. ಈ ಕಂಬದ ಕೆಳಗೆ ಒಂದು ಎಮ್ಮೆಗೂ ನೆರಳು ಸಾಲದು. ಆದರೆ ಕುಲದ ಇತಿಹಾಸವನ್ನು ತುಸು ಹಿಂದಕ್ಕೆ ಓದಿದರೆ ಮಾತಿನ ಬಿಗಿ ಸಡಿಲವಾಗುತ್ತದೆ. ಅರೌಕೇರಿಯದ ಬಳಗವು ಒಂದು ಕಾಲಕ್ಕೆ ಭೂಮಂಡಲದ ಎರಡು ಗೋಲಾರ್ಧಗಳಲ್ಲಿಯೂ ಕಾಡು ಕಟ್ಟಿ ನಿಂತಿದ್ದಿತು. ಭಾರತವು ಗೊಂಡ್ವಾನವೆಂಬ ದಕ್ಷಿಣದ ಮಹಾಖಂಡದ ಅಂಗವಾಗಿದ್ದ ಆ ದಿನಗಳ ಕುರುಹುಗಳು ನಮ್ಮ ನೆಲದಲ್ಲಿಯೇ ದೊರೆತಿವೆ: ಕಚ್ಛದ ಶಿಲೆಗಳಲ್ಲಿ ದೊರೆತ ಶಂಕುಹುರುಪೆಗಳಿಗೆ ಅರೌಕರೈಟೀಸ್ ಕಚ್ಛೆನ್ಸಿಸ್ ಎಂದು ಹೆಸರಿಟ್ಟಿದ್ದಾರೆ, ರಾಜಮಹಲ ಬೆಟ್ಟಗಳಲ್ಲಿಯೂ ಇಂಥವು ಸಿಕ್ಕಿವೆ, ಜೈಸಲಮೇರಿನ ಬಳಿಯ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷಗಳ ಹಿಂದಿನ ಶಂಕುಧಾರಿ ಮರಗಳು ಕಲ್ಲಾಗಿ ಮಲಗಿವೆ. ಇಂದಿನ ಕಾಲಮ್ನಾರಿಸ್ ಪ್ರಭೇದವೇ ಅಂದು ಇಲ್ಲಿತ್ತೆಂದು ನಾನು ಹೇಳುತ್ತಿಲ್ಲ. ಅದರ ಪೂರ್ವಿಕರ ಬಂಧುಬಳಗ ಇತ್ತು. ಈ ಪಳೆಯುಳಿಕೆಗಳನ್ನು ಒಟ್ಟಾಗಿ ಪರಿಷ್ಕರಿಸಿ 1928 ಮತ್ತು 1931ರಲ್ಲಿ ಗ್ರಂಥರೂಪಕ್ಕೆ ತಂದವರು ಲಖನೌದ ಬೀರಬಲ್ ಸಾಹನಿಯವರು. ಅದಕ್ಕೆ ಮೊದಲು, 1920ರಲ್ಲಿ, ಅವರು ಕೂಲಂಕಷವಾಗಿ ಅಭ್ಯಸಿಸಿದ ಜೀವಂತ ಶಂಕುಧಾರಿ ಅಕ್ಮೊಪೈಲಿ ಎಂಬುದೂ ನ್ಯೂ ಕ್ಯಾಲಿಡೋನಿಯದ್ದೇ ಎಂಬುದನ್ನು ಓದಿದಾಗ ನನಗೆ ರೋಮಾಂಚವಾಯಿತು.

ಆ ಬಳಗವು ನಮ್ಮ ನೆಲದಲ್ಲಿ ಬೆಳೆದುದು ಎಂದಿನ ಮಾತು? ನಮ್ಮ ಬಸಾಲ್ಟ್ ಹುಟ್ಟುವುದಕ್ಕೂ ಹಿಂದಿನ ಮಾತು. ದಖ್ಖನಿನ ಲಾವಾ ಪದರುಪದರಾಗಿ ಹರಿದುದು ಸುಮಾರು 6.6 ಕೋಟಿ ವರ್ಷಗಳ ಕೆಳಗೆ. ಗೋಳಗುಮ್ಮಟದ ಕಲ್ಲು ಇನ್ನೂ ಕಲ್ಲಾಗಿರದಿದ್ದಾಗ, ಎರೆಭೂಮಿಯೆಂಬುದು ಇನ್ನೂ ಇಲ್ಲದಿದ್ದಾಗ, ಬೇವಿಗೂ ಬನ್ನಿಗೂ ಇಲ್ಲಿ ಹೆಸರಿರದಿದ್ದಾಗ, ಈ ಮರದ ಹಿರಿಯರು ಭಾರತದ ನೆಲದ ಮೇಲೆ ತಮ್ಮ ಶಂಕುಗಳನ್ನು ಉದುರಿಸುತ್ತಿದ್ದರು. ಫಾರ್ಸ್ಟರರು ಬಸಾಲ್ಟೆಂದು ಭ್ರಮಿಸಿದ ಮರದ ಕುಲ ನಮ್ಮ ಬಸಾಲ್ಟಿಗಿಂತ ಹಳೆಯದು.

ಬಬಲೇಶ್ವರದ ಹತ್ತಿರ ಒಂದು ತೋಟದಲ್ಲಿ ಮೂವತ್ತಡಿಯಷ್ಟು ಬೆಳೆದ ಮರವೊಂದಿದೆ. ಅದರ ಯಜಮಾನರಾದ ಹಿರಿಯರಿಗೆ ಒಂದು ಚಿಂತೆ: ಮರ ವಾಲುತ್ತಿದೆ. ಬೀಳಬಹುದೆಂಬ ಭಯದಿಂದ ಉತ್ತರಕ್ಕೆ ಗೂಟ ಬಡಿದು ತಂತಿಯಿಂದ ಎಳೆದು ಕಟ್ಟಿದ್ದರು. ಗಾಳಿಯ ಕಾಟವೆಂದು ಅವರ ತೀರ್ಮಾನ. ಮುಂಗಾರಿನ ಗಾಳಿ ನಮ್ಮಲ್ಲಿ ಬೀಸುವುದು ಪಶ್ಚಿಮದಿಂದ, ನೈಋತ್ಯದಿಂದ. ಗಾಳಿ ದೂಡಿದ್ದರೆ ಮರ ಪೂರ್ವಕ್ಕೆ, ಈಶಾನ್ಯಕ್ಕೆ ಬಾಗಬೇಕಿತ್ತು. ಇದು ಬಾಗಿದ್ದುದು ದಕ್ಷಿಣಕ್ಕೆ. ಗವಂಡಿಯಿಂದ ತೂಕದ ಗುಂಡನ್ನು ತರಿಸಿ, ಏಣಿ ಹತ್ತಿ, ಕಾಂಡದ ಮೇಲೆ ಹತ್ತಡಿ ಎತ್ತರದಿಂದ ದಾರವನ್ನು ಇಳಿಬಿಟ್ಟೆವು. ಗುಂಡು ಕಾಂಡದ ಬುಡದಿಂದ ಒಂದು ಗೇಣು ದೂರದಲ್ಲಿ, ಸರಿಯಾಗಿ ತೆಂಕಣ ದಿಕ್ಕಿನಲ್ಲಿ, ನಿಂತಿತು. ಲೆಕ್ಕ ಹಾಕಿದರೆ ನಾಲ್ಕು ಡಿಗ್ರಿಯಷ್ಟು ವಾಲು.

ಇದು ಆ ಒಂದು ಮರದ ದೋಷವಲ್ಲ. ಕ್ಯಾಲಿಫೋರ್ನಿಯದ ಸಸ್ಯಶಾಸ್ತ್ರಜ್ಞ ಮ್ಯಾಟ್ ರಿಟ್ಟರ್ ಮತ್ತು ಅವರ ಸಂಗಡಿಗರು ಐದು ಖಂಡಗಳ 18 ಪ್ರದೇಶಗಳಲ್ಲಿ ಈ ಜಾತಿಯ 256 ಮರಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಸಂಗತಿ ಇದು: ಉತ್ತರಗೋಲಾರ್ಧದಲ್ಲಿ ನೆಟ್ಟ ಮರಗಳು ದಕ್ಷಿಣಕ್ಕೂ, ದಕ್ಷಿಣಗೋಲಾರ್ಧದಲ್ಲಿ ನೆಟ್ಟವು ಉತ್ತರಕ್ಕೂ, ಎಂದರೆ ಬಹುಪಾಲು ಭೂಮಧ್ಯರೇಖೆಯ ಕಡೆಗೇ ವಾಲುತ್ತವೆ, ರೇಖೆಯಿಂದ ದೂರ ಹೋದಷ್ಟೂ ವಾಲು ಹೆಚ್ಚು. ಸರಾಸರಿ 8.55 ಡಿಗ್ರಿ, ದಕ್ಷಿಣ ಆಸ್ಟ್ರೇಲಿಯದ ಒಂದು ಮರವಂತೂ 40 ಡಿಗ್ರಿ ವಾಲಿ ನಿಂತಿದೆ. ಹದಿನೇಳನೆಯ ಅಕ್ಷಾಂಶಕ್ಕೆ ತುಸು ಕೆಳಗಿರುವ ನಮ್ಮ ಸೀಮೆಗೆ ನಾಲ್ಕು ಡಿಗ್ರಿ ಸಲ್ಲುವಂಥದೇ. ಬೇರೆ ಮರಗಳೂ ಬೆಳಕಿನ ಕಡೆಗೆ ಬಾಗುತ್ತವೆ. ಆದರೆ ಶಂಕುಧಾರಿಗಳಲ್ಲಿ ಬಾಗಿದ ಮಗ್ಗುಲಲ್ಲಿ ಒತ್ತಾದ ಗಟ್ಟಿಮರ ಬೆಳೆದು ಕಾಂಡವನ್ನು ಮತ್ತೆ ನೆಟ್ಟಗೆ ನೂಕುವುದು ವಾಡಿಕೆ. ಈ ಜಾತಿಯು ಏಕೆ ತನ್ನನ್ನು ಹಾಗೆ ತಿದ್ದಿಕೊಳ್ಳುವುದಿಲ್ಲವೆಂಬುದನ್ನು ವಿಜ್ಞಾನಿಗಳು ಇನ್ನೂ ನಿಶ್ಚಯಿಸಿಲ್ಲ.

ಹಿರಿಯರು ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತು ಸಾವಧಾನವಾಗಿ ಕೇಳಿದರು. "ಹಂಗಾದ್ರ ಇದು ತನ್ನ ತವರಿನ ಕಡೆ ನೋಡಾಕತ್ತೈತಿ ಅನ್ರಿ" ಎಂದರು. ತವರಿಗೆ ಪಶ್ಚಿಮದಲ್ಲಿರುವ ಆಸ್ಟ್ರೇಲಿಯದ ಮರಗಳು ಪೂರ್ವಕ್ಕಲ್ಲದೆ ಉತ್ತರಕ್ಕೆ ನೋಡುವುದರಿಂದ ಆ ಮಾತು ನಿಲ್ಲುವುದಿಲ್ಲವೆಂದು ನಾನು ತಿದ್ದಹೊರಟಾಗ, ಅವರು ಆಗಲೇ ಎದ್ದು ಇಕ್ಕಳದಿಂದ ತಂತಿಯನ್ನು ಸಡಿಲಿಸುತ್ತಿದ್ದರು. ಗೂಟವನ್ನು ಮಾತ್ರ ಕೀಳಲಿಲ್ಲ. ಗುಂಡು ನಿಂತ ಜಾಗದಲ್ಲಿ ಒಂದು ಮೊಳೆ ಬಡಿದು, ಅದಕ್ಕೆ ಸುಣ್ಣ ಹಚ್ಚಿ, "ಬರೂ ದೀಪಾವಳಿಗೆ ಬರ್ರಿ, ಮತ್ತ ಗುಂಡ ಬಿಟ್ಟ ನೋಡೂಣು" ಎಂದರು.